ಯಾರ ಕೈ

ಮಾರ್ಕರಿನ ಸ್ಪಿರಿಟ್ ವಾಸನೆ, ಫ್ಯಾನಿನ ಗರಗರ, ಎಲ್ಲಾರೂ ಕಣ್ಣು ಮುಚ್ಚರಿ ಅನ್ನುತ್ತಿದ್ದಾರೆ ಬಸವಪ್ರಸಾದ ಸರ್, ಮನಸ್ಸಿಗೆ ಏನ್ ಬರ್ತದ ಅಂದುಬಿಡ್ರಿ, ಹುಚ್ಚುಚ್ಚ ಇದ್ರೂ ಇರ್ಲಿ, ಲೆಕ್ಕ ಆಮ್ಯಾಲ — ಉದ್ಯಮಬಾಗದ ನಮ್ಮ ಕಾರ್ಖಾನೆಯ ಡಿಸೈನ್ ಸೆಕ್ಷನ್ನಿನ ಪದ್ಧತಿ ಇದು, ಮೊದಲು ಹುಚ್ಚು, ಆಮೇಲೆ ಪಟ್ಟಿ, ಬೋರ್ಡಿನ ಮೇಲೆ ಮೂರು ಸಾಲು, ಕೈ ಬಂದದ್ದು ಹೇಗೆ ಗೊತ್ತಾಗಬೇಕು, ಬ್ಲೇಡು ಹೇಗೆ ನಿಲ್ಲಬೇಕು, ಯಾರ ಕೈ. ಮೇವು ಕತ್ತರಿಸುವ ಮಷಿನ್ನಿನಲ್ಲಿ ಇನ್ನು ಮುಂದೆ ಯಾರ ಕೈಯೂ ಹೋಗಬಾರದು, ಸಮೃದ್ಧಿ, ನಿನಗ ತ್ರಾಸ ಆಗ್ತಿದ್ರ ಈ ಕೆಲಸ ಬ್ಯಾಡವಾ ಅಂದಿದ್ದರು, ಏನೂ ಆಗೂದಿಲ್ರಿ ಸರ್ ಅಂದೆ, ಖರೇನೇ ಏನೂ ಆಗುತ್ತಿಲ್ಲ, ಅಳು ಬರುತ್ತಿಲ್ಲ, ಬರುತ್ತಿಲ್ಲವಲ್ಲ ಎಂದು ಸಿಟ್ಟೂ ಬರುತ್ತಿಲ್ಲ, ಕಣ್ಣು ಮುಚ್ಚಿದರೆ ಖಾನಾಪುರದ ಮನೆ, ಎಮ್ಮೆ, ಭತ್ತದ ಹುಲ್ಲು, ಅವ್ವನ ಬರಿ ಮಣಿಕಟ್ಟು, ಬಲಗೈ ಹೋದಮೇಲೆ ಎಡಗೈಲೆ ರೊಟ್ಟಿ ಮುರಿಯೂದು ಕಲ್ತೇನಿ ನೋಡು ಅಂತ ಫೋನಿನಲ್ಲಿ ನಗುತ್ತಾಳೆ, ನಾನೂ ಹೂಂ ಅನ್ನುತ್ತೇನೆ, ಹೂಂ ಅಂದು ಫೋನ್ ಚಾರ್ಜಿಗೆ ಹಾಕುತ್ತೇನೆ.

ಕೈಬಳಿ, ಅಂದ ನಮ್ಮ ಸೆಕ್ಷನ್ನಿನ ಶಾಕಿರ. ಕಣ್ಣು ಬಿಟ್ಟೆ. ನಮ್ಮ ಅಮ್ಮಿ ಕೈ ಎಲ್ಲಿ ಐತಿ ಅಂತ ನೋಡಬೇಕಂತಿಲ್ರಿ, ಬಳಿ ಸಪ್ಪಳಾನ ಹೇಳ್ತದ, ಮಷಿನ್ ಬಾಯಿಗೆ ತಗಡಿನ ಅಂಚು ಇಡೂಣು, ಬಳಿ ತಾಗಿ ಖಣ್ ಅಂದ್ರ ಸೆನ್ಸರ್ ಮೋಟಾರ ಬಂದ್ ಮಾಡಬೇಕು — ಶಾಬಾಸ್ ಅಂತ ಟೇಬಲ್ ಬಡಿದರು ಸರ್, ಎಲ್ಲರೂ ನಕ್ಕರು, ನಾನೂ ತುಟಿ ಅಗಲಿಸಿರಬೇಕು. ಅವ್ವನಿಗೆ ಸೆನ್ಸರ್ ಬೇಕಿರಲಿಲ್ಲ, ಎಷ್ಟೋ ವರ್ಷ ಕಿವಿಯಿಂದಲೇ ಮೇವು ಹಾಕಿದಳು, ಹಸಿರು ಬಳೆ ಅಂಚಿಗೆ ತಾಗಿತೋ ಕೈ ಹಿಂದೆ, ಅದರ ಮಧ್ಯೆ ಬಾಜೂಮನೆಯವರ ಜೊತೆ ಮರಾಠಿಯಲ್ಲಿ ಹರಟೆ ಬೇರೆ, ಅಪ್ಪ ಹೋದ, ಚಿಗವ್ವಂದಿರು ಬಂದರು, ಬಳೆ ಹೋದವು, ಬಸವಣ್ಣನವರ ಫೋಟೋದ ಕೆಳಗೇ ಕೂಡಿಸಿ ತೆಗೆದರು, ನಮ್ಮಲ್ಲಿ ಇದೆಲ್ಲ ಇಲ್ಲ ಅಂತ ಅನುಭಾವ ಹೇಳುವ ಮಂದಿಯೇ, ಹಾಕ್ಕೋ ಅವ್ವಾ ಅಂದರೆ ಜನಾ ಏನಂದಾರು ಅಂದಳು, ಆಮೇಲೊಂದು ಸಂಜೆ ಎಂದಿನಂತೆ ಹರಟುತ್ತ ಹುಲ್ಲು ನೂಕಿದಳು, ನೂಕಿದಳು, ಖಣ್ ಅನ್ನಲಿಲ್ಲ.

ಈಗ ಪಟ್ಟಿಗೆ ಹಾಕೂಣು ಅಂದರು ಸರ್, ಮೂರನೇ ಸಾಲು, ಯಾರ ಕೈ, ಹೆಂಗಸರದು ಆತು, ಗಂಡಸರದ್ದು? ಅವರಿಗೆ ಮಷಿನ್ ಜೊತಿ ಕೈಗೆ ಒಂದು ಉಕ್ಕಿನ ಖಡೆ ಕೊಟ್ರಾತ್ರಿ, ಅಂದ ಶಾಕಿರ — ಆತು, ಬರಕೋರಿ, ಸಾಲು ತುಂಬಿತು, ಎಲ್ಲ ಚೌಕಕ್ಕೂ ಉತ್ತರ ಇದೆ, ಇಷ್ಟು ನೀಟಾದ ಪಟ್ಟಿ ನೋಡಿ ಬಹಳ ದಿನವಾಯಿತು, ನಾನು ಈಗ ಹೇಳಬೇಕು, ಗಂಡ ಸತ್ತವರು ಬಳೆಯನ್ನೂ ಹಾಕುವುದಿಲ್ಲ, ಖಡೆಯನ್ನೂ ಹಾಕುವುದಿಲ್ಲ, ಕೊಟ್ಟ ಖಡೆಯನ್ನು ಮೊಳೆಗೆ ನೇತುಹಾಕಿ ಮೇವಿಗೆ ಕೂರುತ್ತಾರೆ, ಸದ್ದು ಕೈಯಿಂದ ಬರಬಾರದು, ಮಷಿನ್ನಿನಿಂದ ಬರಬೇಕು, ಇಷ್ಟೇ ಮಾತು, ನಾಲಿಗೆ ಯಾರದೋ ಆಗಿದೆ.

ಶಾಕಿರ ರಟ್ಟಿನ ಮಾದರಿ ಮಾಡಿಯೇ ಬಿಟ್ಟ, ತಗಡಿನ ಅಂಚು, ಮೋಟಾರಿನ ಬದಲು ಕೆಂಪು ಬಲ್ಬು, ಉರಿದರೆ ಬ್ಲೇಡು ತಿರುಗುತ್ತಿದೆ ಅಂತ, ಸಮೃದ್ಧಿ, ನಿನ್ನ ಕೈಯಾಗ ಬಳಿ ಅದಾವಲಾ, ನೀನ ಕೈ ಹಾಕಿ ನೋಡವಾ ಅಂದರು ಸರ್ — ಹಾಕಿದೆ, ಖಣ್, ಬಲ್ಬು ಆರಿತು, ಚಪ್ಪಾಳೆ. ಸ್ವಿಚ್ ಮತ್ತೆ ಒತ್ತು ಅಂದೆ. ಬಳೆ ಒಂದೊಂದಾಗಿ ತೆಗೆದು ಟೇಬಲ್ಲಿನ ಮೇಲಿಟ್ಟೆ. ಯಾಕವಾ ಅಂದರು ಸರ್. ಮೂರನೇ ಸಾಲ್ರಿ. ಬೆರಳು ಒಳಗೆ, ಅಂಗೈ ಒಳಗೆ, ಬಲ್ಬು ಉರಿಯುತ್ತಿದೆ, ಮಣಿಕಟ್ಟು ಅಂಚು ದಾಟಿತು, ಬರಿ ಮಣಿಕಟ್ಟು, ಬಲ್ಬು ಉರಿಯುತ್ತಲೇ ಇದೆ, ಬರಿ ಮಣಿಕಟ್ಟು