ಸ್ಟೇಷನ್ನಿನ ಬಕೆಟ್ಟು

"ಬಾಯಿಗೆ ಬೀಗ ಹಾಕ್ಕೊಂಡಿದ್ದೀಯೇನಮ್ಮ? ಹೌದು, ಇಲ್ಲ, ಅಷ್ಟೇ ಹೇಳು. ನಿನ್ನ ಪುರಾಣ ಯಾರಿಗೂ ಬೇಡ" ಎಂದರು ಸರ್ಕಾರಿ ವಕೀಲರು. ಕಟಕಟೆಯ ಮರ ಹಿಡಿದು ನಿಂತಿದ್ದೆ. ಪುರಾಣ ಹೇಳುವ ಆಸೆ ನನಗೇನೂ ಇರಲಿಲ್ಲ.

ನಾನು ಒಂದು ಆಫೀಸಿನಲ್ಲಿ ಕಕ್ಕಸು ತೊಳೆಯುವವಳು. ಮ್ಯಾನೇಜರ್ ಮೇಜಿನ ಮೇಲಿದ್ದ ಲ್ಯಾಪ್‌ಟಾಪ್ ಕಾಣೆಯಾದ ದಿನವೇ ಪೊಲೀಸರು ಬಂದು, "ಸ್ವಲ್ಪ ಕೇಳೋದಿದೆ, ಸ್ಟೇಷನ್ನಿಗೆ ಬಾ" ಅಂದರು. ಆ ಸ್ವಲ್ಪ ಮೂರು ದಿನವಾಯಿತು. ಕೊನೆಗೆ, ಕದ್ದಿದ್ದು ನಾನೇ ಎಂದು ತಾವೇ ಬರೆದ ಕಾಗದಕ್ಕೆ ನನ್ನ ಹೆಬ್ಬೆಟ್ಟು ಒತ್ತಿಸಿಕೊಂಡರು. ಆ ಮೂರು ದಿನ ನಾನು ಪೊಲೀಸರ ವಶದಲ್ಲಿದ್ದೆ ಎಂದು ಕೋರ್ಟು ಒಪ್ಪಿದರೆ ಕಾಗದ ರದ್ದು. ಒಪ್ಪದಿದ್ದರೆ ಮೂರು ವರ್ಷ ಜೈಲು. ಜಾಮೀನು ಕೊಡಿಸಿದ ನಮ್ಮ ವಕೀಲಮ್ಮ ಹಾಗೆ ಹೇಳಿದ್ದರು.

"ಬೇಡಿ ಹಾಕಿದ್ರಾ?"

"ಇಲ್ಲ."

"ಲಾಕಪ್ಪಿಗೆ ಹಾಕಿದ್ರಾ?"

"ಇಲ್ಲ ಸ್ವಾಮಿ. ನೆಲದ ಮೇಲೆ ಕೂರ್ಸಿದ್ರು."

"ಎದ್ದು ಓಡಾಡ್ತಿದ್ದೆ ತಾನೇ?"

"ಓಡಾಡ್ದೆ ಇನ್ನೇನು? 'ಬಿಟ್ಟಿ ಕೂತಿದ್ದೀಯಲ್ಲೇ ಮುಂಡೆ, ಏಳು, ಕಕ್ಕಸು ತೊಳಿ' ಅಂದ್ರು. ಮೂರು ದಿನಾನೂ ತೊಳ್ದೆ."

"ಕೊಳೆನೀರು ಎಲ್ಲಿ ಚೆಲ್ತಿದ್ದೆ?"

"ಗೇಟಿನ ಆಚೆ, ಚರಂಡಿಗೆ."

"ಒಬ್ಬಳೇ?"

"ಹೂಂ."

ವಕೀಲರ ಮುಖ ಅರಳಿತು. "ರಸ್ತೆವರೆಗೂ ಬಂದವಳು ಮನೆಗೆ ಯಾಕೆ ಹೋಗ್ಲಿಲ್ಲ?"

"ಬಕೆಟ್ಟು ಅವ್ರದ್ದು ಸ್ವಾಮಿ. ಹಿಡ್ಕೊಂಡು ಹೋಗಿದ್ರೆ ಇನ್ನೊಂದು ಕೇಸು ಹಾಕ್ತಿದ್ರು."

ಕೋರ್ಟು ಗೊಳ್ಳೆಂದು ನಕ್ಕಿತು. ನನಗೆ ಮೈಯೆಲ್ಲ ಉರಿದುಹೋಯಿತು. ನಕ್ಕರೆ ಇವರಪ್ಪನ ಗಂಟೇನು ಹೋಗುತ್ತದೆ! ಜೈಲಿಗೆ ಹೋಗುವವಳು ನಾನು.

"ನೋಡಿ ಸ್ವಾಮಿ" ಎಂದು ವಕೀಲರು ಜಡ್ಜ್ ಕಡೆ ತಿರುಗಿದರು. "ತಡೆದವರಿಲ್ಲ. ಬುದ್ಧಿ ಇರೋ ಯಾರಿಗಾದ್ರೂ ಗೊತ್ತಾಗುತ್ತೆ, ಹೋಗಬಹುದು ಅಂತ. ಇವಳೇ ಇಷ್ಟಪಟ್ಟು ಉಳ್ಕೊಂಡಿದ್ದಾಳೆ."

ಜಡ್ಜ್ ತಲೆಯಾಡಿಸಿ ಬರೆಯತೊಡಗಿದರು. ಹೀಗೇ ಬಿಟ್ಟರೆ ನನ್ನ ಕಥೆ ಮುಗಿಯಿತು ಅನ್ನಿಸಿತು. ಕಟಕಟೆಯಿಂದ ಇಳಿದು ನೆಟ್ಟಗೆ ಬಾಗಿಲ ಕಡೆ ನಡೆದೆ. ಅದು ಹಾರುಹೊಡೆದಿತ್ತು. ನಾಲ್ಕು ಹೆಜ್ಜೆ ಇಟ್ಟಿರಬೇಕು, ಪೊಲೀಸಿನವ ಓಡಿಬಂದು ರಟ್ಟೆ ಹಿಡಿದ.

"ಏಯ್!" ಜಡ್ಜ್ ಗುಡುಗಿದರು. "ಯಾರು ನಿನಗೆ ಹೋಗು ಅಂದಿದ್ದು?"

"ಯಾರೂ ಅನ್ನಲಿಲ್ಲ ಸ್ವಾಮಿ. ಸ್ಟೇಷನ್ನಲ್ಲೂ ಯಾರೂ ಹೋಗು ಅನ್ನಲಿಲ್ಲ. ಅದನ್ನೂ ಬರ್ಕೊಳ್ಳಿ."

ಟೈಪು ಮಾಡುವವಳು ಜಡ್ಜ್ ಮುಖ ನೋಡಿದಳು. ಅವರು ನನ್ನ ರಟ್ಟೆ ಹಿಡಿದಿದ್ದ ಕೈಯನ್ನೇ ನೋಡುತ್ತಿದ್ದರು. ಪೊಲೀಸಿನವ ನನ್ನ ರಟ್ಟೆ ಬಿಡಲಿಲ್ಲ.