ಹಸಿರು ಬಣ್ಣದ ಪಾಲು

"ಏ ಮುದುಕಿ, ಕಲ್ಲು ವಾರೆ ನಿಂತೈತೆ, ಕಣ್ಣಾಗೇನು ಮಣ್ಣು ಬಿದ್ದೈತಾ? ಹೆಂಗೆ ಬೇಕಾದ್ರೂ ನೆಡಾಕೆ ಇದೇನು ನಿಮ್ಮಪ್ಪನ ಜಾಗಾನಾ?"

ಮೇಸ್ತ್ರಿ ಗಾದ್ರಪ್ಪ ಹೀಗೆ ಕೂಗಿದ ಜಾಗ ಹುಲಿಗೆಮ್ಮನ ಅಪ್ಪನದಲ್ಲ, ಮಾವನದು. ಜಗಳೂರಿನ ಹೊರಗೆ, ಕೇರಿಯ ಬೆನ್ನಿಗೇ ಸರ್ಕಾರ ಮಂಜೂರು ಮಾಡಿದ್ದ ಎರಡು ಎಕರೆ. ಅದರಲ್ಲೀಗ ಸೈಟುಗಳ ಗಡಿಕಲ್ಲು ನೆಡುವ ಕೂಲಿ ಅವಳದು. ಹಾರೆ ಹಾಕಿ ಕಲ್ಲನ್ನು ನೆಟ್ಟಗೆ ಮಾಡಿದಳು.

ಲೇಔಟ್ ಮಾಡುವ ಮಹಾಂತೇಶ್ ಹೋದ ವರ್ಷ ಅವಳ ಗುಡಿಸಲಿಗೇ ಬಂದಿದ್ದ. ಚಾಪೆಯ ಮೇಲೆ ಕೂತು, ಅವಳ ಚೆಂಬಿನಲ್ಲಿ ನೀರು ಕೇಳಿ ಕುಡಿದಿದ್ದ. "ಮಾರಬ್ಯಾಡವ್ವಾ. ಜಮೀನು ನಿಂದು, ಖರ್ಚು ನಂದು. ಆದ ಸೈಟಿನಾಗೆ ಅರ್ಧ ನಿಂಗೆ" ಅಂದಿದ್ದ. ಅವನ ಪೈಕಿಯವರು ಕೇರಿಯಲ್ಲಿ ನೀರು ಕುಡಿದದ್ದನ್ನು ಹುಲಿಗೆಮ್ಮ ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಓದು ಬಲ್ಲ ಮಗಳು ಸುನಿತಾ ಕೆಲಸಕ್ಕೆ ಹೋಗಿದ್ದಳು. ಅವನು ತೋರಿಸಿದ ಕಡೆಯಲ್ಲೆಲ್ಲ ಹುಲಿಗೆಮ್ಮ ಹೆಬ್ಬೆಟ್ಟು ಒತ್ತಿದಳು.

ಕಲ್ಲು ನೆಟ್ಟು ಮುಗಿದ ಮೇಲೆ ತಾಯಿ ಮಗಳು ಪಾಲು ಕೇಳಲು ಅವನ ಆಫೀಸಿಗೆ ಹೋದರು. ಚಪ್ಪಲಿ ಬಿಟ್ಟು ಬಾಗಿಲಲ್ಲೇ ನಿಂತರು. ಅವನು ಒಳಗೆ ಬಾ ಅನ್ನಲಿಲ್ಲ. ಗೋಡೆಯ ನಕ್ಷೆಯಲ್ಲಿ ಹಸಿರು ಬಳಿದ ತುಂಡಿನ ಮೇಲೆ ಮಹಾಂತೇಶ್ ಬೆರಳಿಟ್ಟ.

"ಇದೇ ನಿನ್ನ ಪಾಲು."

ಸುನಿತಾ ಕಣ್ಣು ಕಿರಿದು ಮಾಡಿ ಓದಿದಳು. "ಅವ್ವಾ, ಅದು ಪಾರ್ಕು ಅಂತ ಬರ್ದೈತೆ."

"ಪಡುವಣದ ಭಾಗ ಅಂತ ಅಗ್ರಿಮೆಂಟಿನಾಗೆ ಒಪ್ಪೀರಿ. ಪಾರ್ಕು ಪಡುವಣಕ್ಕೇ ಬಂತು, ನಾನೇನು ಮಾಡ್ಲಿ?"

"ಹಂಗಾರೆ ಪಾರ್ಕೇ ಕೊಡ್ರಿ, ಮೆಕ್ಕೆಜ್ವಾಳ ಬಿತ್ಕಂತೀನಿ," ಅಂದಳು ಹುಲಿಗೆಮ್ಮ.

ಅವನು ಹೊಟ್ಟೆ ಹಿಡಿದು ನಕ್ಕ. "ಪಾರ್ಕು ಪಂಚಾಯ್ತಿದು ಕಣಬೇ. ಬಿತ್ತಂಗಿಲ್ಲ, ಮಾರಂಗಿಲ್ಲ. ಸಂಜಿ ಹೊತ್ತು ಬಂದು ಕುತ್ಕ, ಯಾರು ಬ್ಯಾಡ ಅಂತಾರೆ?"

ಅಲ್ಲಿಂದ ಇಬ್ಬರೂ ತಾಲೂಕು ಕಚೇರಿಗೆ ಹೋದರು. ಸಾಹೇಬ ಮೊಬೈಲಿನಿಂದ ತಲೆ ಎತ್ತಲಿಲ್ಲ.

"ಸರ್ಕಾರ ಕೊಟ್ಟ ಜಮೀನು, ಹಂಗೆಲ್ಲ ಕೈ ಬದಲಾಗಂಗಿಲ್ಲಂತಲ್ರೀ," ಅಂದಳು ಸುನಿತಾ.

"ಪರ್ಮಿಶನ್ ಕೊಡ್ರಿ ಅಂತ ಅರ್ಜಿಗೆ ನಿಮ್ಮವ್ವನೇ ಹೆಬ್ಬೆಟ್ಟು ಒತ್ತೈದಾಳೆ. ಸಿಕ್ಕೂ ಐತೆ."

"ಅದು ಅರ್ಜಿ ಅಂತ ಯಾರೂ ಓದಿ ಹೇಳಲಿಲ್ಲ ಸಾಮಿ," ಅಂದಳು ಹುಲಿಗೆಮ್ಮ.

"ಓದಾಕೆ ಬರದೋರು ಒತ್ತಾಕೆ ಯಾಕೆ ಸಾಯ್ತೀರಿ? ತಕರಾರು ಬಂದ್ರೆ ಬೆಂಗಳೂರಾಗೆ ಬಗೆಹರಿಸ್ಕಬೇಕು ಅಂತಾನೂ ಅಗ್ರಿಮೆಂಟಿನಾಗೆ ಒಪ್ಪೀರಿ. ಅಲ್ಲಿಗೇ ಹೋಗ್ರಿ. ಜಾಗ ಬಿಡ್ರಿ, ಗಾಳಿ ಬರ್ಲಿ."

ಹುಲಿಗೆಮ್ಮ ದಾವಣಗೆರೆಯಿಂದ ಆಚೆ ಕಾಲಿಟ್ಟವಳಲ್ಲ.

ಲೇಔಟಿನ ಬಾಯಿಗೆ ದೊಡ್ಡ ಕಮಾನು ಕಟ್ಟಲು ಜೆಸಿಬಿ ತರಿಸಿ ಗುಂಡಿ ತೋಡಿದ್ದರು. ಪೂಜೆಯ ದಿನ ಶಾಮಿಯಾನ ಎದ್ದಿತು, ಕಾರುಗಳು ಬಂದವು. ಗುಂಡಿಯ ಅಂಚಿನ ಮಣ್ಣು ಸರಿಸುತ್ತಿದ್ದ ಹುಲಿಗೆಮ್ಮನಿಗೆ ಪೂಜಾರಿ ಕೈ ಬೀಸಿದ. "ದೂರ ನಿಂದ್ರಬೇ, ಮಡಿ ಐತೆ."

ಅಷ್ಟರಲ್ಲಿ ಸೈಟು ಕೊಳ್ಳಲು ಬಂದ ಕನ್ನಡಕದವನೊಬ್ಬ ಕೇಳಿದ, "ಕೇರಿಯವರ ಜಮೀನಂತೆ. ನಾಳೆ ತಕರಾರು ಬರಲ್ಲ ತಾನೇ?"

"ಮೂಲ ಒಡತಿ ಇಲ್ಲೇ ಐದಾಳೆ, ಕೇಳ್ರಿ!" ಮಹಾಂತೇಶ್ ಅವಳ ರಟ್ಟೆ ಹಿಡಿದು ಮುಂದಕ್ಕೆಳೆದ. "ಖುಷಿಯಿಂದ ಕೊಟ್ಟೆ ಅಂತ ಹೇಳಬೇ."

ಎಲ್ಲರೂ ಅವಳ ಬಾಯಿ ನೋಡಿದರು.

"ನಾ ಕೊಟ್ಟಿಲ್ರೀ. ಈ ಸೂಳೆಮಗ ನನ್ನ ಮನ್ಯಾಗೆ ಕುಂತು, ಅರ್ಧ ನಿಂದು ಅಂತೇಳಿ ಕಿತ್ಕಂಡಾನೆ. ಇಲ್ಲಿ ಮನಿ ಕಟ್ಟೋರು ನನ್ನ ಹೊಟ್ಟಿ ಮ್ಯಾಲೆ ಕಟ್ತೀರಿ."

ಶಾಮಿಯಾನದ ಕೆಳಗಿನ ಕುರ್ಚಿಗಳು ಇತ್ತ ತಿರುಗಿದವು. ಯಾರಾದರೂ ಎದ್ದು ಹೋಗುತ್ತಾರೇನೋ ಎಂದು, ಅವ್ವನ ಜೊತೆ ಬಂದು ಗುಂಡಿಯಾಚೆ ನಿಂತಿದ್ದ ಸುನಿತಾ ಕಾದಳು. ಕನ್ನಡಕದವನು ಮಹಾಂತೇಶನ ಕಿವಿಗೆ ಬಾಗಿದ.

"ಹಿಂಗೆಲ್ಲ ಗಲಾಟೆ ಇದ್ರೆ ರೇಟು ಸ್ವಲ್ಪ ಇಳಿಸ್ರೀ ಮತ್ತೆ."

"ಇಳಿಸಾನ ಬಿಡ್ರಿ," ಅಂದ ಮಹಾಂತೇಶ್. ಜನ ಮತ್ತೆ ಮಾತಿಗೆ ತೊಡಗಿದರು. ಯಾರೋ ತಿಂಡಿಯ ತಟ್ಟೆ ಹಂಚತೊಡಗಿದರು.

ಹುಲಿಗೆಮ್ಮ ಪೂಜೆಯ ತಟ್ಟೆಯನ್ನು ಕಾಲಿಂದ ಒದ್ದು ಕಮಾನಿನ ಗುಂಡಿಗಿಳಿದಳು. ಎದೆಮಟ್ಟದ ಗುಂಡಿ. ಅದರ ತಳದಲ್ಲಿ ಸೆರಗು ಬಿಗಿದು ಕೂತಳು.

"ಮುಚ್ರಿ," ಅಂದಳು. "ಇಷ್ಟಾದ್ರೂ ನಂದಾಗ್ಲಿ."

ಸುನಿತಾ ಹಿಂದುಮುಂದು ನೋಡದೆ ಜಿಗಿದು ಅವ್ವನ ಪಕ್ಕ ಕೂತಳು.

ಮಹಾಂತೇಶ್ ಬಗ್ಗಿ ಒಮ್ಮೆ ನೋಡಿದ. ಬೈಯಲಿಲ್ಲ. ಪೂಜಾರಿಯತ್ತ ತಿರುಗಿ ಕೇಳಿದ, "ಮುಹೂರ್ತ ಎಷ್ಟೊತ್ತಿನ ತನ ಐತ್ರೀ?"

ಗುಂಡಿಯ ಅಂಚಿನಲ್ಲಿ ಮಣ್ಣು ತುಂಬಿದ ಬಕೆಟ್ ಎತ್ತಿ ನಿಂತಿದ್ದ ಜೆಸಿಬಿಯವನು ಎಂಜಿನ್ ಆರಿಸಲಿಲ್ಲ.