ಎಳೆಯುವ ಬಲ ಬೇರೆ, ಹೊರುವ ಬಲ ಬೇರೆ

ಗಾಡಿಗೆ ಕಟ್ಟಿ ಎಳೆಯುವ ಮನೆಯಂಥ ಟ್ರೇಲರನ್ನು ಗಂಡ ರಾಯ್ಸ್ ಮನೆ ಮುಂದೆ ತಂದು ನಿಲ್ಲಿಸಿದಾಗ ನಡೀನ್ ಮೊದಲು ನೋಡಿದ್ದು ಅದನ್ನು ಎಳೆದು ತಂದ ತಮ್ಮ ಪುಟ್ಟ ಪಿಕಪ್ಪನ್ನು. ಪಾಪ, ಅದರ ಹಿಂಭಾಗ ಕುಸಿದು ಕೂತಿತ್ತು. ಮೂತಿ ಆಕಾಶ ನೋಡುತ್ತಿತ್ತು.

"ಏನ್ರೀ ಇದು, ಗಾಡಿ ಹಿಂಗೆ ಕೂತ್ಬಿಟ್ಟಿದೆ?"

"ನಿಂಗೆ ಎಲ್ಲದಕ್ಕೂ ಭಯ ಕಣೇ. ಒಳಗೆ ಹೋಗಿ ನೋಡು, ಮಂಚ, ಒಲೆ, ಬಚ್ಚಲು ಎಲ್ಲಾ ಇದೆ!" ಎಂದ ರಾಯ್ಸ್.

ಅಮೆರಿಕದ ಐಡಾಹೋದ ಆ ಊರಿನಲ್ಲಿ ಬೇಸಗೆ ಬಂತೆಂದರೆ ಅರ್ಧ ಜನ ಟ್ರೇಲರ್ ಕಟ್ಟಿಕೊಂಡು ಬೆಟ್ಟ ಹತ್ತುತ್ತಾರೆ. ಟಪಾಲು ಹಂಚುವ ಕೆಲಸದಿಂದ ನಿವೃತ್ತನಾದ ರಾಯ್ಸ್‌ಗೂ ಅದೇ ಆಸೆ. ಎಂಬತ್ತು ದಾಟಿದ ಅವನ ತಾಯಿ ವೆರ್ನಾ, ಕಣಿವೆಯಾಚೆಯ ಸರೋವರದ ದಡದಲ್ಲಿ ನಾಲ್ಕು ದಿನ ಇರಬೇಕೆಂದು ಹಟ ಹಿಡಿದಿದ್ದಳು. ಗುಡಾರದಲ್ಲಿ ನೆಲದ ಮೇಲೆ ಮಲಗುವ ವಯಸ್ಸೇ ಅದು? ಪರಿಚಯದವರೊಬ್ಬರು ಟ್ರೇಲರ್ ಮಾರುತ್ತಿದ್ದರು. "ಮೊದಲು ಓಡಿಸಿ ನೋಡಿ, ಹಿಡಿಸಿದರೆ ತಗೊಳ್ಳಿ" ಎಂದು ಕೊಟ್ಟಿದ್ದರು.

"ನಮ್ಮ ಗಾಡಿ ಆರೂವರೆ ಸಾವಿರ ಪೌಂಡ್ ಎಳೆಯುತ್ತೆ ಅಂತ ಜಾಹೀರಾತಲ್ಲೇ ಇದೆ. ಇದು ಐದು ಸಾವಿರವೂ ಇಲ್ಲ. ಇನ್ನೇನು ಬೇಕು?" ಎಂದ ರಾಯ್ಸ್.

ಆದರೂ ಹೆಂಡತಿಯ ಮುಖ ನೋಡಿ ಒಂದು ಉಪಾಯ ಮಾಡಿದ. ಟ್ರೇಲರಿನ ಮುಂಭಾಗದಲ್ಲಿದ್ದ ಡಬ್ಬಿಗಳು, ಸೌದೆ, ಕುರ್ಚಿಗಳನ್ನೆಲ್ಲ ಹೊತ್ತು ಅದರ ಹಿಂತುದಿಗೆ ಹಾಕಿದ. ಪಿಕಪ್ಪಿನ ಹಿಂಭಾಗ ಮೇಲೆದ್ದಿತು.

"ನೋಡು, ಈಗ ಸಮವಾಯ್ತಾ?"

ಸಮವೇನೋ ಆಗಿತ್ತು. ನಡೀನಳ ಎದೆ ಮಾತ್ರ ಹಗುರಾಗಲಿಲ್ಲ.

ಮಾರನೆಯ ಬೆಳಿಗ್ಗೆ ಹೊರಟರು. ವೆರ್ನಾ ಹಿಂದಿನ ಸೀಟಿನಲ್ಲಿ ಕೂತು ಸೇಬು ಕಡಿಯುತ್ತಿದ್ದಳು. ಏರು ಹತ್ತುವಾಗ ಗಾಡಿ ಏದುಸಿರು ಬಿಟ್ಟಿತು. ಅದನ್ನಾದರೂ ತಡೆದುಕೊಳ್ಳಬಹುದಿತ್ತು. ಕಣಿವೆಯ ಇಳಿಜಾರು ಶುರುವಾದಾಗ ಒಂದು ದೊಡ್ಡ ಲಾರಿ ಪಕ್ಕದಲ್ಲೇ ಭರ್ರನೆ ದಾಟಿತು. ಅದರ ಗಾಳಿಗೆ ಟ್ರೇಲರ್ ಒಮ್ಮೆ ಬಾಲ ಆಡಿಸಿತು. ಇನ್ನೊಮ್ಮೆ ಆಡಿಸಿತು. ಮೂರನೆಯ ಸಲ ಪಿಕಪ್ಪನ್ನೇ ಹಿಡಿದು ಜಗ್ಗಿತು.

"ರೀ!"

ರಾಯ್ಸ್ ಗಾಬರಿಯಾಗಿ ಬ್ರೇಕ್ ತುಳಿದ. ತೂಗಾಟ ಇನ್ನೂ ಹೆಚ್ಚಾಯಿತು. ಕನ್ನಡಿಯಲ್ಲಿ ಟ್ರೇಲರಿನ ಬಿಳಿ ಗೋಡೆ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಕಾಣಿಸುತ್ತಿತ್ತು. ಬಲಗಡೆ ತಡೆಗೋಡೆ, ಅದರಾಚೆ ಬರೀ ಪ್ರಪಾತ. ನಡೀನ್ ಹಿಂದೆ ಕೈಚಾಚಿ ಅತ್ತೆಯ ಮೊಣಕಾಲನ್ನು ಬಿಗಿಯಾಗಿ ಹಿಡಿದಳು. ರಾಯ್ಸ್ ಬ್ರೇಕಿನಿಂದ ಕಾಲು ತೆಗೆದ. ಸ್ಟೀರಿಂಗನ್ನು ನೆಟ್ಟಗೆ ಹಿಡಿದ. ಪುಣ್ಯಕ್ಕೆ ಮುಂದೆ ರಸ್ತೆ ಸ್ವಲ್ಪ ಏರಿತ್ತು. ವೇಗ ತಾನಾಗಿಯೇ ತಗ್ಗಿತು. ರಸ್ತೆ ಬದಿಯ ಜಲ್ಲಿ ಹಾಕಿದ ಜಾಗಕ್ಕೆ ಗಾಡಿ ಇಳಿಸಿ ನಿಲ್ಲಿಸಿದ.

ವೆರ್ನಾಳೇ ಮೊದಲು ಬಾಯಿಬಿಟ್ಟಳು. "ಸರೋವರ ನೋಡ್ಬೇಕು ಅಂದಿದ್ದೆ ಕಣೋ. ಮೇಲೆ ಹೋದ ನಿಮ್ಮಪ್ಪನ್ನ ನೋಡ್ಬೇಕು ಅಂದಿರ್ಲಿಲ್ಲ."

ರಾಯ್ಸ್‌ಗೆ ನಗು ಬರಲಿಲ್ಲ.

ನಡೀನ್ ಓಪಲ್‌ಗೆ ಫೋನ್ ಮಾಡಿದಳು. ಪಕ್ಕದ ಮನೆಯ ಓಪಲ್ ಕುದುರೆ ಸಾಕುವವಳು. ಕುದುರೆಗಳನ್ನು ಟ್ರೇಲರಿನಲ್ಲಿ ಹಾಕಿಕೊಂಡು ಎಷ್ಟೋ ವರ್ಷದಿಂದ ಇದೇ ಬೆಟ್ಟ ಹತ್ತಿ ಇಳಿಯುತ್ತಿದ್ದಳು. ಮಧ್ಯಾಹ್ನದೊಳಗೆ ತನ್ನ ದೊಡ್ಡ ಗಾಡಿಯಲ್ಲಿ ಬಂದಳು. ಬಂದವಳೇ ಟ್ರೇಲರಿನ ಸಾಮಾನು ನೋಡಿ ತಲೆ ಚಚ್ಚಿಕೊಂಡಳು.

"ಭಾರ ಎಲ್ಲಾ ಹಿಂದಕ್ಕೆ ಹಾಕಿದವ್ರು ಯಾರೋ? ಹಿಂದೆ ಭಾರ ಆದ್ರೆ ಬಾಲ ಬೀಸದೆ ಇನ್ನೇನು ಮಾಡುತ್ತೆ?"

"ಮುಂದಿದ್ರೆ ಗಾಡಿ ಕೂತ್ಬಿಡ್ತಿತ್ತು..."

"ಕೂತ್ಕೊಳ್ತು ಅಂದ್ರೆ ಏನರ್ಥ? 'ನನ್ನ ಕೈಲಾಗಲ್ಲಪ್ಪ' ಅಂತ ಗಾಡಿ ಹೇಳ್ತಿದೆ. ನೀನು ಅದರ ಬಾಯಿ ಮುಚ್ಚಿಸಿದೆ. ಬಾ ಇಲ್ಲಿ."

ಓಪಲ್ ಡ್ರೈವರ್ ಕಡೆಯ ಬಾಗಿಲು ತೆಗೆದು, ಚೌಕಟ್ಟಿಗೆ ಅಂಟಿಸಿದ್ದ ಚೀಟಿ ತೋರಿಸಿದಳು. ಜನ, ಸಾಮಾನು ಎಲ್ಲ ಸೇರಿ ಸಾವಿರದ ನೂರು ಪೌಂಡ್ ಮೀರಬಾರದು ಎಂದಿತ್ತು.

"ಎಳೆಯೋದು ಆರೂವರೆ ಸಾವಿರ ಅಲ್ವಾ?" ಎಂದ ರಾಯ್ಸ್.

"ಎಳೆಯೋದು ಬೇರೆ, ಹೊರೋದು ಬೇರೆ ಕಣೋ. ಟ್ರೇಲರ್ ಭಾರದಲ್ಲಿ ನೂರಕ್ಕೆ ಹತ್ತರಿಂದ ಹದಿನೈದು ಪಾಲು, ಗಾಡಿಗೆ ಕಟ್ಟೋ ಕೊಂಡಿ ಮೇಲೆ ಬರ್ಬೇಕು. ಆಗ್ಲೇ ಅದು ನೆಟ್ಟಗೆ ಬರೋದು. ಆ ಭಾರಾನೂ ನಿನ್ನ ಗಾಡೀನೇ ಹೊರ್ಬೇಕು. ಫೋನಲ್ಲಿ ನೀವು ಹೇಳಿದ ಐದು ಸಾವಿರ ಖಾಲಿ ಟ್ರೇಲರ್ದು. ನೀರು, ಗ್ಯಾಸು, ಬ್ಯಾಟರಿ, ಪಾತ್ರೆ, ಹಾಸಿಗೆ ಸೇರಿದ್ರೆ ಆರು ಸಾವಿರ. ಕೊಂಡಿ ಮೇಲೆ ಏಳುನೂರು ಅಂತಿಟ್ಕೋ. ನೀವು ಮೂರು ಜನ ಎಷ್ಟು?"

"ಐನೂರು," ಎಂದಳು ನಡೀನ್.

"ನನ್ನ ಸೇಬು ಬಿಟ್ಟು," ಎಂದಳು ವೆರ್ನಾ.

"ಅಲ್ಲಿಗೆ ಸಾವಿರದ ಇನ್ನೂರಾಯ್ತು. ಪಿಕಪ್ಪಿನಲ್ಲಿರೋ ಸಾಮಾನು ಇನ್ನೂ ಲೆಕ್ಕಕ್ಕೇ ತಗೊಂಡಿಲ್ಲ. ಟ್ರೇಲರ್‌ಗೆ ಅದರದ್ದೇ ಬ್ರೇಕ್ ಇದೆ, ಆದ್ರೆ ಅದನ್ನ ಹಾಕೋ ಪೆಟ್ಟಿಗೆ ನಿನ್ನ ಗಾಡೀಲಿ ಇಲ್ಲವೇ ಇಲ್ಲ! ಹಿಂಗೆ ತೂಗಾಡಿದಾಗ ಗಾಡಿ ಬ್ರೇಕ್ ತುಳೀಬಾರ್ದು. ಆ ಪೆಟ್ಟಿಗೆಯ ಗುಂಡಿ ಒತ್ತಿ ಟ್ರೇಲರ್ ಬ್ರೇಕ್ ಮಾತ್ರ ಹಾಕ್ಬೇಕು."

ರಾಯ್ಸ್ ಆ ಚೀಟಿಯ ಮೇಲೆ ಬೆರಳಾಡಿಸಿದ. "ಈ ಬಾಗಿಲು ದಿನಾ ತೆಗೀತೀನಿ. ಒಂದು ದಿನಾನೂ ಓದ್ಲಿಲ್ಲ," ಎಂದ.

ಸಾಮಾನನ್ನು ಮುಂದಕ್ಕೆ ಹಾಕಿಸಿ, ಟ್ರೇಲರನ್ನು ಓಪಲ್ಲೇ ಎಳೆದುಕೊಂಡು ಹೋಗಿ ಮಾಲೀಕರಿಗೆ ಒಪ್ಪಿಸಿದಳು.

ಆಮೇಲೆ ಟ್ರೇಲರ್ ಮಾರುವ ಅಂಗಡಿಗೆ ಹೋದಾಗ ರಾಯ್ಸ್ ಮಂಚ, ಒಲೆ ನೋಡುವ ಮೊದಲೇ, "ಸಾಮಾನು ತುಂಬಿದ ಮೇಲೆ ಹೆಚ್ಚೆಂದರೆ ಎಷ್ಟು ಭಾರ?" ಎಂದು ಕೇಳಿದ. ಮೂರು ಸಾವಿರ ಪೌಂಡ್ ದಾಟದ, ಮೊಟ್ಟೆಯಂಥ ಪುಟ್ಟ ಟ್ರೇಲರೊಂದನ್ನು ಆರಿಸಿದ. ಬಚ್ಚಲಿಲ್ಲ. ಮಂಚ ಎರಡೇ, ರಾಯ್ಸ್ ಹೊರಗೆ ಗುಡಾರದಲ್ಲಿ ಮಲಗಬೇಕು. ಪಿಕಪ್ಪಿಗೆ ಬ್ರೇಕಿನ ಪೆಟ್ಟಿಗೆ ಹಾಕಿಸಿದ. ಎಲ್ಲ ತುಂಬಿಕೊಂಡು, ಮೂವರೂ ಕೂತು, ಹುಲ್ಲಿನ ಲಾರಿಗಳನ್ನು ತೂಗುವ ವೇಬ್ರಿಡ್ಜ್ ಮೇಲೆ ಗಾಡಿ ನಿಲ್ಲಿಸಿದರು. ಅಂಕಿ ನಿಲ್ಲುವವರೆಗೆ ನಡೀನ್ ಕಿಟಕಿಯಿಂದ ಇಣುಕಿ ನೋಡುತ್ತಿದ್ದಳು. ಮಿತಿಯೊಳಗೇ ಇತ್ತು.

ಆದರೂ ಸರೋವರದ ದಾರಿಯಲ್ಲಿ ಆ ಇಳಿಜಾರು ಬಂದಾಗ ಅವಳು ಮತ್ತೆ ಹಿಂದೆ ಕೈಚಾಚಿ ಅತ್ತೆಯ ಮೊಣಕಾಲು ಹಿಡಿದಳು. ಹಿಂದಿನಿಂದ ಲಾರಿಯೊಂದು ಬಂತು. ಭರ್ರನೆ ದಾಟಿತು. ನಡೀನ್ ಕನ್ನಡಿ ನೋಡಿದಳು. ಟ್ರೇಲರ್ ಒಂದು ಸಲ ಮೆಲ್ಲಗೆ ಅಲುಗಿ, ನೆಟ್ಟಗೆ ಹಿಂದೆಯೇ ಬರುತ್ತಿತ್ತು.

"ಬರ್ತಿದೆಯಾ?" ಎಂದು ರಾಯ್ಸ್ ಮೆಲ್ಲಗೆ ಕೇಳಿದ.

"ಬರ್ತಿದೆ. ನೀವು ರಸ್ತೆ ನೋಡ್ರಿ."

ಓದುತ್ತಿರುವ ನೀವೂ ಟ್ರೇಲರ್ ಕೊಳ್ಳುವ ಯೋಚನೆಯಲ್ಲಿದ್ದರೆ ಇವತ್ತೇ ಎದ್ದು ಹೋಗಿ ನಿಮ್ಮ ಗಾಡಿಯ ಬಾಗಿಲು ತೆಗೆಯಿರಿ. ಅಲ್ಲಿರುವ ಚೀಟಿ ಓದಿ. ಮನೆಯವರ ಭಾರ, ಸಾಮಾನಿನ ಭಾರ, ಕೊಂಡಿಯ ಭಾರ ಮೂರನ್ನೂ ಕೂಡಿಸಿ. ಟ್ರೇಲರಿನ ತೂಕ ಕೇಳುವಾಗ ಖಾಲಿಯದ್ದಲ್ಲ, ತುಂಬಿದ್ದನ್ನೇ ಕೇಳಿ. ಹೊರಡುವ ಮೊದಲು ತೂಗಿಸಿ. ಮೀರಿದರೆ ಆ ಟ್ರೇಲರ್ ಎಷ್ಟೇ ಚೆಂದವಿದ್ದರೂ ಬೇಡವೆನ್ನಿ. ಹಿಂದಿನ ಸೀಟಿನಲ್ಲಿ ಕೂರುವವರು ನಿಮ್ಮನ್ನು ನಂಬಿ ಕೂತಿರುತ್ತಾರೆ.